ಕರೆದ ಹೆಸರು

ಫರಸಿಕಲ್ಲು ತುಂಬಿದ ಲಾರಿಯ ಮೇಲಿಂದ ತಲೆ ಕೆಳಗಾಗಿ ಬಿದ್ದಂದಿನಿಂದ ನೀಲವ್ವನ ಗಂಡ ಯಾರನ್ನೂ ಗುರುತು ಹಿಡಿದಿರಲಿಲ್ಲ. ಪರಿಹಾರದ ಕೇಸಿಗಾಗಿ ಅವನನ್ನು ಡಾಕ್ಟರಿಗೆ ತೋರಿಸುವ ದಿನ ವಕೀಲ ಬಾಗಿಲಲ್ಲೇ ಎಚ್ಚರಿಸಿದ.

"ಅಕ್ಕಾ, ನೆನಪು ತಿರುಗಿ ಬಂದೈತಿ ಅಂತ ಡಾಕ್ಟ್ರು ಬರದ್ರ, ಖಣಿ ಮಾಲಕ ಬಿಡಿಗಾಸು ಬಿಚ್ಚಂಗಿಲ್ಲ. ಆಮ್ಯಾಲ ಇವರ ಔಷಧಕ್ಕ ಏನು ಮಾಡ್ತಿ?"

"ನೆನಪು ಎಲ್ಲೈತಿ ತಮ್ಮಾ? ನಿನ್ನಿ ಗಂಜಿ ಕುಡಿಸಿದ್ರ ನನಗ ನರ್ಸಬಾಯಿ ಅಂದ್ರು."

ಒಳಗೆ ಡಾಕ್ಟರು ಅವನ ಕಣ್ಣಿಗೆ ಬ್ಯಾಟರಿ ಬಿಟ್ಟು ನೋಡಿದರು. "ಈಕಿ ಯಾರಪ್ಪಾ, ಹೇಳು ನೋಡೂಣು."

ಅವನು ಬಹಳ ಹೊತ್ತು ಅವಳ ಮುಖವನ್ನೇ ನೋಡಿದ. ಆಮೇಲೆ ಅವಳ ಸೆರಗು ಹಿಡಿದುಕೊಂಡ.

"ಬಂಗಾರಿ," ಎಂದ.

ಮದುವೆಯಾದಾಗಿನಿಂದ ಅವಳನ್ನು ಹಾಗೆ ಕರೆದ ಬಾಯಿ ಅದೊಂದೇ. ಆ ಒಂದು ಮಾತು ಕೇಳಲೆಂದು ಅವಳು ಹರಕೆ ಹೊರದ ದೇವರಿರಲಿಲ್ಲ.

ಡಾಕ್ಟರು ಪೆನ್ನು ಎತ್ತಿಕೊಂಡರು. "ಬಂಗಾರಿ ಅಂದ್ರ ನೀನೇನವಾ?"

ಅವಳು ಅವನ ಬೆರಳುಗಳಿಂದ ಸೆರಗನ್ನು ಮೆಲ್ಲಗೆ ಬಿಡಿಸಿಕೊಂಡಳು.

"ಅಲ್ರೀ ಸಾಹೇಬ್ರ. ಅದು ನಮ್ಮ ಎಮ್ಮಿ ಹೆಸರು."