ಪಕ್ಕೆಯ ಬಿಲ್ಲೆ

ಉಪ್ಪಿಟ್ಟಿನ ತಟ್ಟೆಗಳನ್ನು ಹಿಡಿದು ಪಡಸಾಲೆಯ ಬಾಗಿಲಿಗೆ ಬಂದ ಕಸ್ತೂರಮ್ಮ ಅಲ್ಲೇ ನಿಂತುಬಿಟ್ಟಳು. ನಾದಿನಿಯನ್ನು ನೋಡಲು ನ್ಯಾಮತಿಯಿಂದ ಬಂದವರು ಎದುರಿಗೆ ಚಾಪೆಯ ಮೇಲೆ ಕೂತಿದ್ದರು. ಸೊಂಟದಿಂದ ಎಡಗಾಲಿನ ಹಿಮ್ಮಡಿಯವರೆಗೆ ಹಳೆಯ ನೋವು ಒಂದೇ ಏಟಿಗೆ ಇಳಿದಿತ್ತು. ನೋವು ತಡೆಯಲೆಂದು ಬೆನ್ನಿಗೆ ಅಂಟಿಸಿದ್ದ ತಂತಿಯ ಸುರುಳಿ ಬೆವರಿಗೆ ಜಾರಿತ್ತು.

ಬೊಂಬಾಯಿಯ ಡಾಕ್ಟರು ಆಕೆಯ ಬೆನ್ನುಹುರಿಯ ಹತ್ತಿರ ತಂತಿ ಇಟ್ಟು, ಅದರ ಬಿಲ್ಲೆಯನ್ನು ಪಕ್ಕೆಯ ಹಿಂದೆ ಚರ್ಮದಡಿ ಕೂರಿಸಿ ಎರಡು ತಿಂಗಳಾಗಿತ್ತು. ಬಿಲ್ಲೆಯ ನೇರಕ್ಕೆ ಮೇಲಿಂದ ಸುರುಳಿ ಅಂಟಿಸಿ, ಅದಕ್ಕೆ ಕರೆಂಟು ಕೊಡಲು ಸೊಂಟಕ್ಕೆ ಸಿಕ್ಕಿಸಿದ ಬ್ಯಾಟರಿ ಪೆಟ್ಟಿಗೆಯ ಗುಂಡಿ ತಿರುಗಿಸಿದರೆ ಕಾಲೆಲ್ಲ ಜುಮುಜುಮು ಎಂದು ನೋವು ಅಡಗುತ್ತಿತ್ತು. ಎರಡು ಬೆರಳು ಆಚೀಚೆಯಾದರೆ ಏನೂ ಇಲ್ಲ. ಎಂಬತ್ನಾಲ್ಕನೇ ಇಸವಿಯಲ್ಲಿ ಇಡೀ ಹೊನ್ನಾಳಿಗೆ ಅಂಥ ಪೆಟ್ಟಿಗೆ ಅದೊಂದೇ. ಟ್ರಾನ್ಸಿಸ್ಟರ್ ಅಂದುಕೊಂಡು ನೆರೆಯವರು ವಾರ್ತೆ ಕೇಳಲು ಬಂದದ್ದೂ ಉಂಟು. ಆ ಜಾಗ ಆಕೆಯ ಕೈಗೆ ಎಟುಕದು. ಅಂಟಿಸುವುದನ್ನು ಕಲಿತು ಬಂದವನು ಗಂಡ ಕಲ್ಲೇಶಪ್ಪ ಒಬ್ಬನೇ. ದಿನಾ ಬೆಳಗ್ಗೆ ಕೋಣೆಯ ಬಾಗಿಲು ಹಾಕಿಕೊಂಡು ಅಂಟಿಸುತ್ತಿದ್ದ. ಅವ್ವನ ಎದುರು ಹೆಂಡತಿಯ ಪಕ್ಕ ಕೂತವನೂ ಅಲ್ಲ ಅವನು.

ಅತ್ತೆ ಕೊಟ್ರಮ್ಮನಿಗೆ ಅದೆಲ್ಲ ಬರೀ ಸೋಗು. "ನಾನೂ ಆರು ಹೆತ್ತೀನಿ, ನನ್ನ ಬೆನ್ನೇನು ಕಲ್ಲಾ? ಪೆಟ್ಟಿಗೆ ಸೆರಗಿನಾಗೆ ಮುಚ್ಕೊ. ರೋಗದ ಮನೆ ಅಂತ ಅವ್ರು ಎದ್ದು ಹೋದ್ರೆ ನನ್ನ ಮಗಳ ಗತಿ ಏನು?" ಎಂದು ಬೆಳಗ್ಗೆಯೇ ತಾಕೀತು ಮಾಡಿದ್ದಳು.

ತಟ್ಟೆಗಳು ವಾಲತೊಡಗಿದವು. ಕಲ್ಲೇಶಪ್ಪ ಎದ್ದು ಬಂದು ಇಳಿಸಿಕೊಂಡ. "ಕೋಣೆಗೆ ನಡಿ."

"ಹೆಜ್ಜೆ ಕೀಳಾಕೆ ಆಗ್ತಿಲ್ರೀ," ಎಂದಳು ಕಸ್ತೂರಮ್ಮ, ಬಾಗಿಲ ಚೌಕಟ್ಟನ್ನು ಬಿಗಿಯಾಗಿ ಹಿಡಿದು. ಕಣ್ಣೀರು ತಾನಾಗಿ ಇಳಿಯುತ್ತಿತ್ತು.

ಕಲ್ಲೇಶಪ್ಪ ಅವ್ವನನ್ನು ನೋಡಿದ, ಬೀಗರಾಗಬೇಕಾದವರನ್ನು ನೋಡಿದ. ಆಮೇಲೆ ಯಾರನ್ನೂ ನೋಡದೆ ಹೆಂಡತಿಯ ಹಿಂದೆ ಮೊಣಕಾಲೂರಿ, ಸೆರಗು ಸರಿಸಿ ಬಿಲ್ಲೆಗಾಗಿ ತಡಕಿದ. ನಾಚಿಕೆಗೆ ಅವನ ಕಿವಿಯೆಲ್ಲ ಕೆಂಪಾಗಿತ್ತು.

"ಇದೇನ್ರೀ ಇದು, ಸೊಸೆಗೆ ಕರೆಂಟು ಕೊಡ್ತೀರಾ?" ಎಂದರು ಹುಡುಗನ ತಾಯಿ ಶಂಕ್ರಮ್ಮ, ಚಾಪೆಯಿಂದ ಅರ್ಧ ಎದ್ದು.

ಕೊಟ್ರಮ್ಮ ಸೊಸೆಯ ಮುಖವನ್ನೇ ನೋಡುತ್ತಿದ್ದಳು. ಆರು ಹೆರಿಗೆಯಲ್ಲೂ ತಾನು ಬಾಯಿಗೆ ಬಟ್ಟೆ ತುರುಕಿಕೊಂಡು ನುಂಗಿದ್ದೆಲ್ಲ ಆ ಮುಖದಲ್ಲಿತ್ತು. ಆಗ ತನ್ನ ಹತ್ತಿರ ಯಾರೂ ಬಂದಿರಲಿಲ್ಲ. ಆಕೆ ಎದ್ದು ಬಾಗಿಲಿಗೆ ಹೋಗಿ, ತನ್ನ ಸೆರಗನ್ನು ಎರಡೂ ಕೈಯಲ್ಲಿ ಅಗಲಕ್ಕೆ ಹಿಡಿದು ಮಗ ಸೊಸೆಗೆ ಮರೆಯಾಗಿ ನಿಂತಳು.

"ಅವಸರ ಮಾಡಬ್ಯಾಡ ಕಲ್ಲೇಶ, ಸರಿಯಾಗಿ ನೋಡಿ ಅಂಟಿಸು," ಎಂದಳು. ಆಮೇಲೆ ಸೆರಗಿನ ಮೇಲಿಂದ ಶಂಕ್ರಮ್ಮನನ್ನು ನೆಟ್ಟಗೆ ನೋಡಿದಳು.

"ನಮ್ಮನೇಲಿ ಸೊಸೇನ ಹಿಂಗೆ ನೋಡ್ಕಂತೀವ್ರೀ. ನಿಮ್ಮನೇಲಿ ಹೆಂಗೆ?"