ಹೀರಾಳಿಗೆ ಹೊತ್ತ ಹರಕೆ

‘ಹೀರಾ ತೀರಿಕೊಂಡಳು’ ಎಂದು ಧರಣೇಂದ್ರ ಮಾಸ್ತರರು ಓದಿದರು. ಬನಹಟ್ಟಿಯ ಸಾವುಕಾರ ಗಿರಮಲ್ಲಪ್ಪನ ಮನೆಯಲ್ಲಿ ಐದು ಮಗ್ಗಗಳೂ ಒಮ್ಮೆಲೇ ನಿಂತವು.

ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತಿದ್ದ ಅನಸವ್ವ ರಾಟಿಯನ್ನು ಪಕ್ಕಕ್ಕೆ ತಳ್ಳಿದಳು. “ಹೆಂಗ ಸಾಯ್ತಾಳ್ರಿ? ನಿನ್ನಿ ಎರಡ ಗುಟಕ ಗಂಜಿ ಕುಡದಿದ್ಳಲ್ರಿ!”

“ಬರದದ್ದು ಹಂಗ ಐತಿ, ಅನಸವ್ವ.”

“ಬರದಾಂವಗ ಎದಿ ಇಲ್ಲ. ಮಕ್ಕಳು ಮರಿ ಕಂಡಾಂವ ಅಲ್ಲ ಅಂವ!”



ತೇರದಾಳದ ಕಡೆಯ ಈ ಮಾಸ್ತರರು ಸಂಸ್ಥಾನದ ಶಾಲೆಗೆ ಬಂದು ಆರು ತಿಂಗಳಾಗಿತ್ತು. ಒಬ್ಬರೇ ಇದ್ದರು. ಮನೆತನದ ಮಾತು ಎತ್ತಿದವರಲ್ಲ. ಕಥೆ ಕೇಳುತ್ತ ನೇಯ್ದರೆ ಕೈಗೆ ದಣಿವಿಲ್ಲ ಎಂದು ಗಿರಮಲ್ಲಪ್ಪನೇ ಅವರನ್ನು ಕರೆಸಿದ್ದ. ಶಾಲೆ ಬಿಟ್ಟ ಮೇಲೆ ಬಂದು ಮಾಸಪತ್ರಿಕೆ ಓದುವರು. ಓದೋ, ಮಗ್ಗಿ ಒಪ್ಪಿಸಿದ ಹಾಗೆ! ರಾಜ ಸತ್ತರೂ ಅದೇ ದನಿ, ರಾಣಿ ಸತ್ತರೂ ಅದೇ ದನಿ. ಯಾರಾದರೂ ಕಣ್ಣೊರೆಸಿಕೊಂಡರೆ, “ಕತಿ ಐತ್ರೆವ್ವಾ, ಅಳೂದ್ಯಾಕ?” ಎಂದು ನಗುವರು.

ಹೀರಾಳ ಕಥೆ ಶುರುವಾದದ್ದು ತಿಂಗಳ ಕೆಳಗೆ, ಕೈಬರಹದ ಹಾಳೆಗಳಲ್ಲಿ. ಏಳು ವರ್ಷದ ಹುಡುಗಿ. ತಾಯಿಯಿಲ್ಲ. ಬಿಡದ ಜ್ವರ. ದವಾಖಾನೆಯ ಕಿಟಕಿಯಲ್ಲಿ ಅಪ್ಪನ ದಾರಿ ಕಾಯುತ್ತಾಳೆ. ಇದನ್ನು ಓದುವಾಗ ಮಾಸ್ತರರೇ ಆಗಾಗ ಕಣ್ಣೊರೆಸಿಕೊಳ್ಳುತ್ತಿದ್ದರು. ಕೊನೆಗೂ ಇವರಿಗೆ ಕಥೆಯ ರುಚಿ ಹತ್ತಿತಲ್ಲ ಎಂದು ಅನಸವ್ವ ಹಿಗ್ಗಿದಳು. ರವಿವಾರ ಮಾತ್ರ ಓದು ಇರಲಿಲ್ಲ. ಮುಂದಿನ ಅಧ್ಯಾಯ ತರಬೇಕೆಂದು ಹೇಳಿ ಅವರು ಮಿರಜಕ್ಕೆ ಹೋಗುತ್ತಿದ್ದರು.

ಅನಸವ್ವನಿಗೆ ಮಕ್ಕಳಿರಲಿಲ್ಲ. ಹೀರಾ ಎದ್ದು ಕುಳಿತರೆ ಬನಶಂಕರಿಗೆ ಉಡಿ ತುಂಬುತ್ತೇನೆ ಎಂದು ಹರಕೆ ಹೊತ್ತು, ಮೂರು ಶುಕ್ರವಾರ ಉಪವಾಸ ಹಿಡಿದಳು. ನೇಕಾರರು ಬಿದ್ದು ಬಿದ್ದು ನಕ್ಕರು.

“ಕತಿಯಾಗಿನ ಹುಡುಗಿಗೆ ಉಪಾಸೇನ ಬೇ?” ಎಂದು ಅವಳ ಗಂಡ ಹುಲೆಪ್ಪನೇ ಹಂಗಿಸಿದ.

ಹಾಗೆ ನೋಡಿದರೆ ಎಲ್ಲರಿಗಿಂತ ಹೆಚ್ಚು ನಗಬೇಕಾದವರು ಮಾಸ್ತರರು. ಅವರು ನಗಲಿಲ್ಲ. “ಬಿಡಬ್ಯಾಡವ್ವ. ಹಿಡದದ್ದು ಪೂರಾ ಮಾಡು,” ಎಂದರು.

ಇಂದು ಮೂರನೆಯ ಶುಕ್ರವಾರ. ಬೆಳಗಿನಿಂದ ಅನಸವ್ವ ನೀರು ಕೂಡ ಮುಟ್ಟಿರಲಿಲ್ಲ. ಇಷ್ಟು ಮಾಡಿಯೂ ಹುಡುಗಿ ಉಳಿಯಲಿಲ್ಲ. ಸಿಟ್ಟು ಮೊದಲು ಬಂತು, ಅಳು ಅದರ ಬೆನ್ನಿಗೇ ಬಂತು.

“ತರ್ರಿ ಇತ್ತ! ಆ ಹಾಳಿ ಹರದ ಒಗೀತೇನಿ. ಆಕಿ ಬದಕೂ ಹಂಗ ಬ್ಯಾರೆ ಬರಸ್ರಿ!”

ಎದ್ದು ಹೋದವಳೇ ಅವರ ಕೈಯಲ್ಲಿದ್ದುದನ್ನು ಕಿತ್ತುಕೊಂಡಳು. ಮಾಸ್ತರರು ತಡೆಯಲಿಲ್ಲ.

ಅದು ಕಥೆಯ ಹಾಳೆಯಲ್ಲ, ಅಂಚೆಯ ಕಾರ್ಡು. ಒಂದು ಮೂಲೆ ಹರಿದಿತ್ತು. ಅನಸವ್ವನಿಗೆ ಅಕ್ಷರ ಬಾರದು. ಆದರೆ ಸಾವಿನ ಸುದ್ದಿ ಬರೆದ ಕಾರ್ಡಿನ ಮೂಲೆ ಹರಿದು ಕಳಿಸುತ್ತಾರೆ ಎಂಬುದು ಅಕ್ಷರ ಬಾರದವರಿಗೂ ಗೊತ್ತು.

“ಮಾಸ್ತರ್ರ...” ಅವಳ ದನಿ ಉಡುಗಿತು. “ಹೀರಾ ನಿಮಗ ಏನಾಗಬೇಕ್ರಿ?”

“ಮಗಳವ್ವ.”