ಕೂರುವ ಜಾಗ

ಬೆಳಗ್ಗೆ ಹನ್ನೊಂದು ಗಂಟೆಗೆ, ಮಾರ್ಕೆಟ್ಟಿನ ನಟ್ಟನಡುವೆ, ಹೆಂಗಸರ ಶೌಚಾಲಯದ ಎದುರು ಗಡಿಯಾರ ಹಿಡಿದು ನಿಲ್ಲುವುದು ಮರ್ಯಾದಸ್ಥರು ಮಾಡುವ ಕೆಲಸವಲ್ಲ. ಪುರಸಭೆಯ ಎಂಜಿನಿಯರ್‌ಗೆ ಅದು ಗೊತ್ತಿತ್ತು. ಆದರೆ ಅಧ್ಯಕ್ಷರ ಆದೇಶ ಬರಹದಲ್ಲಿತ್ತು: ಒಳಗೆ ಹೋದ ಹೆಂಗಸರು ಎಷ್ಟು ಹೊತ್ತಿಗೆ ಹೊರಗೆ ಬರುತ್ತಾರೆಂದು ನೋಡಿ ವರದಿ ಕೊಡುವುದು. ಅರ್ಧ ಗಂಟೆಯಾದರೂ ಬರುವುದಿಲ್ಲ ಎಂದು ಅಂಗಡಿಕಾರರ ಸಂಘ ದೂರು ಕೊಟ್ಟಿತ್ತು. ಶೌಚಾಲಯ ಇರಲಿ, ಉಳಿದ ಭಾಗವನ್ನು ಗೋದಾಮು ಮಾಡಿಬಿಡಿ ಎನ್ನುವುದು ಸಂಘದ ಬೇಡಿಕೆ.

ಉಳಿದ ಭಾಗವೆಂದರೆ ಒಂದು ಉದ್ದನೆಯ ಕೋಣೆ. ಗೋಡೆಯುದ್ದಕ್ಕೂ ಕಲ್ಲಿನ ಕಟ್ಟೆ, ಚೀಲ ತೂಗುಹಾಕಲು ಕೊಕ್ಕೆಗಳು, ಕುಡಿಯುವ ನೀರಿನ ನಲ್ಲಿ, ಬೀದಿಯ ಕಡೆಗೆ ಇಟ್ಟಿಗೆಯ ಕಿಂಡಿಗಳ ಗೋಡೆ. ನಕ್ಷೆಯಲ್ಲಿ ಅದಕ್ಕೆ 'ಕೂರುವ ಜಾಗ' ಎಂದು ಬರೆದಿತ್ತು. ಎರಡು ವರ್ಷದ ಹಿಂದೆ ಸಹಿ ಹಾಕುವಾಗ ಎಂಜಿನಿಯರ್ ಆ ಎರಡು ಪದ ಓದಿರಲಿಲ್ಲ. ಈಗ ಅವೇ ಕುತ್ತಿಗೆಗೆ ಬಂದಿದ್ದವು.

ನಕ್ಷೆ ಬರೆದಾಕೆಯನ್ನೂ ಬರಹೇಳಿದ್ದ. ಆಕೆ ಬಂದು ಪಕ್ಕದಲ್ಲಿ ನಿಂತಳು.

"ಎಷ್ಟಾಯ್ತು ಸಾರ್?"

"ಮೀನು ಮಾರೋ ಆಕೆ ಹೋಗಿ ಇಪ್ಪತ್ತೆರಡು ನಿಮಿಷ. ಬಟ್ಟೆ ಅಂಗಡಿ ಹುಡುಗಿ ಹದಿನೆಂಟು. ಶೌಚಾಲಯ ಅಂದ್ಮೇಲೆ ಹೋಗಬೇಕು, ಬರಬೇಕು. ಅಲ್ವಾ ಮೇಡಂ?"

"ಗಂಡಸರದ್ದು ಹಾಗೇ ಕಟ್ಟಿದ್ದೀನಿ. ನಕ್ಷೆ ಬರೆಯೋ ಮೊದಲು ಹದಿನೈದು ದಿನ ಇಲ್ಲೇ ಓಡಾಡಿದ್ದೆ ಸಾರ್. ಹೋಗೋಕೆ ಜಾಗ ಇಲ್ಲ ಅಂತ ಹೆಂಗಸರು ಸಂಜೆವರೆಗೂ ನೀರೇ ಕುಡಿಯಲ್ಲ. ಅದು ಗೊತ್ತಿದ್ದದ್ದೇ. ಆದ್ರೆ ಎರಡನೇ ದಿನಕ್ಕೆ ನನಗೇ ಕಾಲು ನೋವು ಬಂತು. ಕೂರೋಣ ಅಂದ್ರೆ ಚಹಾ ಅಂಗಡಿ ಬೆಂಚಲ್ಲಿ ಗಂಡಸರು, ಮರದ ಕಟ್ಟೆ ಮೇಲೂ ಗಂಡಸರು. ಸುಮ್ನೆ ಕೂತಿರೋ ಹೆಂಗಸು ಅಂತ ಇಡೀ ಮಾರ್ಕೆಟ್ಟಲ್ಲಿ ಒಬ್ಬಳೂ ಕಾಣಲಿಲ್ಲ."

"ಹಾಗಂತ ಶೌಚಾಲಯದಲ್ಲಿ ಕೂರಿಸೋದಾ?"

"ಬರೀ ಕೂರೋಕೆ ಒಂದು ಕಟ್ಟಡ ಕೊಡಿ ಅಂದಿದ್ರೆ ಮಂಜೂರು ಮಾಡ್ತಿದ್ರಾ?"

ಎಂಜಿನಿಯರ್ ಪ್ರಾಮಾಣಿಕ ಮನುಷ್ಯ. "ಇಲ್ಲ," ಎಂದ.

"ಅಂದಹಾಗೆ ಸಾರ್, ಆ ಕಿಂಡಿಗಳಿಂದ ಹೊರಗಿನವರಿಗೆ ಏನೂ ಕಾಣಲ್ಲ. ಒಳಗೆ ಕೂತವರಿಗೆ ಅವರವರ ಅಂಗಡಿ ಕಾಣಬೇಕು ಅಂತ ಹಾಗೆ ಕಟ್ಟಿಸಿದ್ದು. ನೀವೂ ಚೆನ್ನಾಗಿ ಕಾಣ್ತಿರ್ತೀರಿ."

ಅವನು ಗಡಿಯಾರವನ್ನು ಮೆಲ್ಲಗೆ ಜೇಬಿಗೆ ಇಳಿಸಿದ. ಗೋಡೆಯ ಆಚೆ ಕಿಸಕ್ಕನೆ ನಕ್ಕ ಸದ್ದು. ನಕ್ಕವರು ಒಬ್ಬರಲ್ಲ. ಮರುಕ್ಷಣ ಬಾಗಿಲಿನಿಂದ ಮೀನು ಮಾರುವವಳು ಹೊರಬಂದಳು, ಅವಳ ಭುಜ ಹಿಡಿದುಕೊಂಡು ನಗುತ್ತಾ ಇನ್ನೊಬ್ಬಳು. ಇನ್ನೊಬ್ಬಳು ಅವನ ಹೆಂಡತಿ.

"ನೀನ್ಯಾವಾಗ ಬಂದೆ?"

"ನಿಮಗಿಂತ ಮೊದಲೇ. ನೀವು ಬಂದು ನಿಂತದ್ದು ನೋಡಿದೆ."

"ನೋಡಿದ ಮೇಲೆ ಹೊರಗೆ ಬರಬಾರದಾ?"

"ಮಾತು ಮುಗಿದಿರಲಿಲ್ಲ."

"ಅಷ್ಟು ಹೊತ್ತು ಒಳಗೇನು ಮಾಡ್ತಿದ್ದೆ?"

"ಕೂತಿದ್ದೆ."

"ಮನೇಲಿ ಕೂರೋಕೆ ಜಾಗ ಇಲ್ವೇನೆ?"

ಅವಳು ಆ ಪ್ರಶ್ನೆಯನ್ನು ನಿಜವಾಗಿಯೇ ಯೋಚಿಸಿದಳು. "ಜಾಗ ಇದೆ," ಎಂದಳು. "ಕೂರೋಕಾಗಲ್ಲ."

ಯಾಕೆ ಎಂದು ಅವನು ಕೇಳುವಷ್ಟರಲ್ಲಿ ತರಕಾರಿ ಸಾಲಿನ ಕಡೆ ನಡೆದುಬಿಟ್ಟಿದ್ದಳು. ನಕ್ಷೆ ಬರೆದಾಕೆ ತೀರಾ ಗಮನವಿಟ್ಟು ಬೇರೆ ಕಡೆ ನೋಡುತ್ತಿದ್ದಳು. ತನ್ನ ಮನೆಯ ನಕ್ಷೆ ಬರೆದವನು ಅವನೇ. ಯಾವ ಕಂಬದಲ್ಲಿ ಎಷ್ಟು ಕಬ್ಬಿಣ ಇದೆ ಎಂದು ನಿದ್ದೆಗಣ್ಣಲ್ಲಿ ಕೇಳಿದರೂ ಹೇಳುತ್ತಿದ್ದ. ಅಪ್ಪ ಕೂರುವುದು ಕಿಟಕಿಯ ಪಕ್ಕ, ಅಮ್ಮ ಫ್ಯಾನಿನ ಕೆಳಗೆ, ಮಕ್ಕಳಿಬ್ಬರೂ ಟಿ.ವಿ.ಯ ಎದುರು. ಹೆಂಡತಿ ಕೂರುವುದು ಎಲ್ಲಿ ಎಂದು ನೆನಪು ಮಾಡಿಕೊಳ್ಳಲು ನೋಡಿದ. ಮನಸ್ಸಿನಲ್ಲೇ ಒಂದೊಂದು ಕೋಣೆಯನ್ನೂ ಹೊಕ್ಕು ಬಂದ. ಎಲ್ಲ ಕಡೆಯೂ ಅವಳು ನಿಂತೇ ಇದ್ದಳು.

ಕಿಂಡಿಗೋಡೆಗೇ ಫೈಲನ್ನು ಒತ್ತಿ ಹಿಡಿದು ವರದಿ ಬರೆದ: 'ಕಟ್ಟಡವನ್ನು ಮಂಜೂರಾದ ಉದ್ದೇಶಕ್ಕೇ ಬಳಸಲಾಗುತ್ತಿದೆ. ಗೋದಾಮಿನ ಪ್ರಸ್ತಾವವನ್ನು ಕೈಬಿಡಬಹುದು.' ಅಧ್ಯಕ್ಷರು ಉರಿದುಬೀಳುವುದು ಖಂಡಿತ. ಬೇರೆ ಊರಿಗೆ ಎತ್ತಿಹಾಕಿದರೂ ಹಾಕಿಯಾರು. ಸಹಿ ಹಾಕುವ ಮೊದಲು ಈ ಸಲ ಪೂರ್ತಿ ಓದಿದ.

ನಕ್ಷೆ ಬರೆದಾಕೆಯೂ ಓದಿದಳು. "ಎಷ್ಟು ನಿಮಿಷ ಅಂತ ಬರೆದೇ ಇಲ್ವಲ್ಲ ಸಾರ್?"

"ಗಡಿಯಾರ ನಿಂತುಹೋಗಿತ್ತು," ಎಂದ.

ಮಧ್ಯಾಹ್ನ ಊಟಕ್ಕೆ ಮನೆಗೆ ಹೋದ. ಮೇಜಿನ ಸುತ್ತ ಆರು ಕುರ್ಚಿ. ಆರನೆಯದರ ಮೇಲೆ ಇಸ್ತ್ರಿಗೆ ಕೊಡಬೇಕಾದ ಬಟ್ಟೆಯ ರಾಶಿ. ಎಷ್ಟು ವರ್ಷದಿಂದ ಅದು ಅಲ್ಲಿತ್ತೋ. ರಾಶಿಯನ್ನು ತಬ್ಬಿ ಎತ್ತಿಕೊಂಡು ಹೋಗಿ ಮಂಚದ ಮೇಲೆ ಹಾಕಿ ಬಂದ. ಕುರ್ಚಿಯನ್ನು ಒರೆಸಿ ಎಳೆದಿಟ್ಟ.

"ನೀನೂ ಕೂತ್ಕೋ."

ಅಪ್ಪ ತಟ್ಟೆಯಿಂದ ತಲೆಯೆತ್ತಿ ನೋಡಿದರು. ಅಮ್ಮ ಅಪ್ಪನನ್ನು ನೋಡಿದರು. ಹೆಂಡತಿ ಕೈ ಒರೆಸಿಕೊಂಡು, ಬೇರೆಯವರ ಮನೆಗೆ ಬಂದವಳಂತೆ ಕುರ್ಚಿಯ ತುದಿಯಲ್ಲಿ ಕೂತಳು. ಸ್ವಲ್ಪ ಹೊತ್ತಿಗೆ ಬೆನ್ನನ್ನೂ ಆನಿಸಿದಳು. ಎಂಜಿನಿಯರ್‌ಗೆ ದೊಡ್ಡದೊಂದು ಸೇತುವೆ ಕಟ್ಟಿ ಮುಗಿಸಿದಷ್ಟು ಸಮಾಧಾನ. ಆ ಸಮಾಧಾನದಲ್ಲೇ ತುತ್ತು ಬಾಯಿಗಿಟ್ಟು, ಎರಡು ಸಲ ಅಗಿದು, ಕೇಳಿದ:

"ಉಪ್ಪು ಎಲ್ಲಿದೆ?"

ಪ್ರಶ್ನೆ ಮುಗಿಯುವಷ್ಟರಲ್ಲಿ ಅವಳು ಅಡುಗೆಮನೆಯ ಬಾಗಿಲು ದಾಟಿದ್ದಳು.